ನಮ್ಮೂರು ಲೆವಲ್ ಒಳಗ ಐತಿ

(ಮಾತಾಡುವವರು ಇಬ್ಬರು. ಒಬ್ಬಾಕೆ ಇಳಕಲ್ಲಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಇನ್ನೊಬ್ಬರು ಆಕೆಯ ತಂದೆಯ ತಮ್ಮ. ಅಳತೆ ತಂಡಗಳ ಜೊತೆ ಸ್ಟಾಫ್ ಪಟ್ಟಿ ಹಿಡಿದು ದುಡಿದು ನಿವೃತ್ತರಾಗಿ, ಈಗ ಬಾಗಲಕೋಟೆಯ ನವನಗರದಲ್ಲಿದ್ದಾರೆ.)

ಮಗಳು: ಕಾಕಾ, ಒಂದು ಶಬ್ದದ ಸಲುವಾಗಿ ನಿಮ್ಮ ಕಡೆ ಬಂದೀನ್ರಿ. ಲೆವಲ್ ಅನ್ನೂ ಶಬ್ದ. ಡಿಕ್ಷನರಿಯಾಗ ಇದಕ್ಕ ಸಪಾಟು, ಎತ್ತರ, ದರ್ಜೆ ಅಂತ ಸಾಲು ಸಾಲು ಅರ್ಥ ಅದಾವ. ಹುಡುಗರಿಗೆ ಅದನ್ನ ಬಾಯಿಪಾಠ ಮಾಡಸೂದು ನನಗ ಬ್ಯಾಡಾತು. ನಿಮ್ಮ ಮನಿಯಾಗ, ಓಣಿಯಾಗ ಈ ಶಬ್ದ ಯಾರು ಯಾವಾಗ ಆಡತಾರ, ಕೇಳಿ ಬರಕೊಂಡು ಬರ್ರಿ ಅಂತ ಹೇಳಿದ್ದೆ.

ಕಾಕಾ: ಚಲೋ ಕೆಲಸ ಮಾಡಿದಿ. ಏನೇನು ತಂದ್ರು?

ಮಗಳು: ಭಾಳ ತಂದಾರ್ರಿ. ಗೌಂಡಿಯವರ ಹುಡುಗ ಬರದಾನ: ನಮ್ಮಪ್ಪ ಪೈಪಿನಾಗ ನೀರು ತುಂಬಿ ಲೆವಲ್ ಹಿಡೀತಾನ. ನೇಕಾರರ ಹುಡುಗಿ ಬರದಾಳ: ಕುಣಿ ಮಗ್ಗ ಹೂಡುವಾಗ ಎರಡೂ ಕಡೆ ಲೆವಲ್ ನೋಡಬೇಕು, ಇಲ್ಲಂದ್ರ ಸೀರಿ ಒಂದು ದಡಿ ಬಿಗೀತೈತಿ, ಇನ್ನೊಂದು ದಡಿ ಸಡಲ ಬೀಳತೈತಿ. ಗ್ರಾನೈಟ್ ಫ್ಯಾಕ್ಟರಿಯಾಗ ಪಾಲಿಶ್ ಕೆಲಸ ಮಾಡೋರ ಮಗ ಬರದಾನ: ಕಲ್ಲು ಲೆವಲ್ ಕೂಡಲಿಲ್ಲ ಅಂದ್ರ ಹೊಳಪು ಒಂದ ಸಮ ಬರೂದಿಲ್ಲ. ಒಬ್ಬಾಕಿ ಅಜ್ಜಿದು ಶುಗರ್ ಲೆವಲ್. ಒಬ್ಬನ ಮಾವನ ಬೋರಿನಾಗ ವಾಟರ್ ಲೆವಲ್ ಇಳದೈತಿ. ಸೈಕಲ್ ರೇಸಿಗೆ ಹೋಗೂ ಹುಡುಗ ತಾಲೂಕಾ ಲೆವಲ್, ಜಿಲ್ಲಾ ಲೆವಲ್, ಸ್ಟೇಟ್ ಲೆವಲ್ ಅಂತ ಮೂರು ಸಾಲು ಬರದಾನ. ಹಿಂದಿನ ಬೆಂಚಿನವನು, ನಮ್ಮ ಅಣ್ಣನ ಬೈಕಿನ ಲೆವಲ್ಲೇ ಬ್ಯಾರೆ ಅಂತ ಬರದಾನ.

ಕಾಕಾ: ಎಲ್ಲಾ ಖರೇನ ಐತಲ್ಲ. ನನ್ನ ಕಡೆ ಯಾಕ ಬಂದಿ ಮತ್ತ?

ಮಗಳು: ಒಬ್ಬ ಹುಡುಗಿ ಒಂದ ಸಾಲು ಬರದಾಳ್ರಿ. ಆಕಿ ಊರು ಹಿನ್ನೀರಿನ ದಂಡಿ ಮ್ಯಾಲ ಐತಿ, ಸಾಲಿ ಸಲುವಾಗಿ ಇಳಕಲ್ಲಿನಾಗ ಸೋದರತ್ತಿ ಮನಿಯಾಗ ಅದಾಳ. ಆಕಿ ಬರದಿದ್ದು: "ನಮ್ಮೂರು ಲೆವಲ್ ಒಳಗ ಐತಿ." ಅಷ್ಟ. ಈ ಅರ್ಥ ಯಾವ ಡಿಕ್ಷನರಿಯಾಗೂ ಇಲ್ಲ. ಉಳಿದ ಹುಡುಗರು ಕೇಳಿದ್ರು, ಒಳಗ ಅಂದ್ರ ಏನು, ಲೆವಲ್‌ಗೆ ಒಳಗ-ಹೊರಗ ಇರತೈತೇನು ಅಂತ. ಆ ಹುಡುಗಿನ ಹೇಳಿತು, ಒಳಗ ಅಂದ್ರ ಮುಳಗತೈತಿ ಅಂತ. ಕ್ಲಾಸು ಸುಮ್ಮಗಾತು.

ಕಾಕಾ: ಅದು ಬಾಗಲಕೋಟಿ ಜಿಲ್ಲಾದ್ದ ಅರ್ಥ, ಯವ್ವಾ. ಆಲಮಟ್ಟಿ ಡ್ಯಾಂ ಆದ ಮ್ಯಾಲ ಹುಟ್ಟಿದ್ದು. ನಮ್ಮಲ್ಲಿ ಲೆವಲ್ ಅಂದ್ರ ಒಂದು ಗೆರಿ. ಆ ಗೆರಿ ಒಳಗ ಇದ್ದೋರು ಊರು ಬಿಡಬೇಕು, ಹೊರಗ ಇದ್ದೋರು ಉಳೀತಾರ. ಜನ ಮೀಟರ್ ಅಂತ ಬಾಯಿಲೆ ಅನ್ನೂದೂ ಇಲ್ಲ. "ಅವರು 519ರಾಗ ಹ್ವಾದ್ರು, ನಾವು 524ರಾಗ ಬರತೀವಿ" ಅಂತಾರ. ಬೀಗತನದ ಮಾತಿನಾಗೂ ಈ ಅಂಕಿ ಬರತೈತಿ. ಹೊಲ ಎಷ್ಟು ಎಕರೆ ಅಂತ ಕೇಳಿದ ಮ್ಯಾಲ, ಲೆವಲ್ ಒಳಗ ಐತೋ ಹೊರಗ ಐತೋ ಅಂತ ಕೇಳತಾರ.

ಮಗಳು: ಇಂಗ್ಲಿಷಿನಾಗ ಈ ಶಬ್ದ ಎಲ್ಲಿಂದ ಬಂತು ಅಂತ ಹುಡುಕಿದೆ. ಲ್ಯಾಟಿನ್ನಿನ ಲಿಬೆಲ್ಲಾ ಅನ್ನೂ ಶಬ್ದದಿಂದ ಬಂದೈತ್ರಿ. ಅದರ ಅರ್ಥ ಸಣ್ಣ ತಕ್ಕಡಿ. ಅಂದ್ರ ಮೊದಲ ಅದು ಒಂದು ಉಪಕರಣದ ಹೆಸರು, ಸಮ ಐತೋ ಇಲ್ಲೋ ನೋಡೂ ಸಾಧನ. ಆಮ್ಯಾಲ ಆ ಸಾಧನ ತೋರಿಸೂ ಸಮತಟ್ಟಿಗೆ ಆ ಹೆಸರು ಬಂತು, ಅದರ ನಂತರ ಎತ್ತರಕ್ಕ, ಕಟ್ಟಕಡೇಕ ಮನಷಾರ ದರ್ಜೆಗೂ ಬಂತು.

ಕಾಕಾ: ನಮ್ಮ ಮಟ್ಟ ಅನ್ನೂ ಶಬ್ದನೂ ಹಂಗ ಐತಲ್ಲ. ಗೌಂಡಿ ಕೈಯಾಗ ರಸಮಟ್ಟ ಐತಿ. ನೆಲ ಮಟ್ಟಸ ಆತು ಅಂತೀವಿ. ಉನ್ನತ ಮಟ್ಟದ ಸಭೆ ಅಂತ ಪೇಪರಿನಾಗ ಬರತೈತಿ. ಮಟ್ಟ ಹಾಕಿದ್ರು ಅಂದ್ರ ತುಳದ್ರು ಅಂತ ಅರ್ಥ.

ಮಗಳು: ನನಗ ತಿಳೀಲಾರದ್ದು ಅದ ನೋಡ್ರಿ. ಒಂದ ಶಬ್ದ ಎರಡು ವಿರುದ್ಧ ಕೆಲಸ ಮಾಡತೈತಿ. ಲೆವಲ್ ಮಾಡು ಅಂದ್ರ ಏರು-ತಗ್ಗು ಇರಬಾರದು ಅಂತ. ಹೈ ಲೆವಲ್, ಲೋ ಲೆವಲ್ ಅಂದ್ರ ಏರು-ತಗ್ಗು ಇರಾಕಬೇಕು ಅಂತ. ಮನಿ ಕಟ್ಟುವಾಗ ಎಲ್ಲಾ ಮೂಲಿ ಒಂದ ಲೆವಲ್ ಬೇಕು. ಅದ ಮನಿಯಾಗ ಹುಡುಗಿಗೆ ವರ ನೋಡುವಾಗ ಅವರು ನಮ್ಮ ಲೆವಲ್ ಅಲ್ಲ ಅಂತಾರ.

ಕಾಕಾ: ಕಚೇರಿಗೆ ಹೋಗಿ ನೋಡು, ಈ ಎರಡನೇ ಅರ್ಥ ಎಷ್ಟು ಗಟ್ಟಿ ಕುಂತೈತಿ ಅಂತ ಗೊತ್ತಾಗತೈತಿ. "ಇದು ನನ್ನ ಲೆವಲ್ಲಿನಾಗ ಆಗೂದಿಲ್ಲ, ಮ್ಯಾಲಿನ ಲೆವಲ್ಲಿಗೆ ಕಳಸೀವಿ." ಈ ಮಾತು ಕೇಳಿ ಕೇಳಿ ಮುಳಗಡಿ ಮಂದಿಗೆ ತಲಿ ಬೆಳ್ಳಗಾಗ್ಯಾವ. ಅವರ ಹೊಲದ ಲೆವಲ್ ಕೆಳಗ ಐತಿ ಅಂತ ಹೊಲ ಹೋತು. ಅದಕ್ಕ ಪರಿಹಾರ ಕೊಡೂ ಅಧಿಕಾರ ಮ್ಯಾಲಿನ ಲೆವಲ್ಲಿನಾಗ ಐತಿ. ಒಂದ ಅರ್ಜಿಯಾಗ ಈ ಶಬ್ದ ಎರಡು ಸಲ, ಎರಡು ಅರ್ಥದಾಗ ಬರತೈತಿ. ಎರಡೂ ಸಲ ಅರ್ಜಿ ಕೊಟ್ಟಾಂವನ ಕೈ ಮೀರಿದ್ದ.

ಮಗಳು: ನಿಮ್ಮ ಕೆಲಸದಾಗ ಲೆವಲ್ ಅಂದ್ರ ಏನಿತ್ತು? ನಾ ಸಣ್ಣಾಕಿ ಇದ್ದಾಗ, ಕಾಕಾ ಲೆವಲ್ ತಗೊಳ್ಳಾಕ ಹೋಗ್ಯಾನ ಅಂತ ಮನಿಯಾಗ ಅಂತಿದ್ರು.

ಕಾಕಾ: ಮೂರು ಇದ್ವು. ಮೂರು ಕಾಲಿನ ಸ್ಟ್ಯಾಂಡಿನ ಮ್ಯಾಲ ಕೂಡಸೂ ದುರ್ಬೀನಿಗೆ ಲೆವಲ್ ಅಂತಿದ್ವಿ, ಡಂಪಿ ಲೆವಲ್. ಆ ದುರ್ಬೀನಿನ ಮೈಮ್ಯಾಲ ಒಂದು ಗಾಜಿನ ನಳಿಗಿ ಇರತಿತ್ತು, ಅದರಾಗ ಒಂದು ಗುಳ್ಳಿ. ಗುಳ್ಳಿ ನಟ್ಟನಡುವ ಬಂದ್ರ "ಲೆವಲ್ ಆತು". ಆಮ್ಯಾಲ ಅದರಾಗಿಂದ ನೋಡಿ ಬರಕೊಂಡ ಅಂಕಿಗೂ ಲೆವಲ್. ನನ್ನ ಕೆಲಸ ಸ್ಟಾಫ್ ಹಿಡಿಯೂದು. ನಾಕ ಮೀಟರಿನ ಪಟ್ಟಿ. ಬಿಳಿ ಬಣ್ಣದ ಮ್ಯಾಲ ಕರಿ ಗೆರಿ, ಮೀಟರಿನ ಅಂಕಿ ಕೆಂಪು. ಪಟ್ಟಿ ಒಂಚೂರು ವಾಲಿದ್ರೂ ಅಂಕಿ ಹೆಚ್ಚಾಗಿ ಕಾಣತೈತಿ. ಅದಕ್ಕ ಸಾಹೇಬ್ರು ಅಲ್ಲಿಂದ ಕೈ ಮಾಡಿದ ಕೂಡಲೆ ಪಟ್ಟೀನ ಮೆಲ್ಲಕ ಮುಂದ ಹಿಂದ ತೂಗಬೇಕು. ತೂಗುವಾಗ ಎಲ್ಲಕ್ಕಿಂತ ಕಡಿಮಿ ಯಾವ ಅಂಕಿ ಕಾಣತೈತೋ ಅದು ಖರೆ ಅಂಕಿ. ಹಳೇ ದುರ್ಬೀನಿನಾಗ ನಾನು ತಲಿಕೆಳಗ ಕಾಣತಿದ್ದೆ. ಓದಾಂವ ತಲಿಕೆಳಗಿನ ಅಂಕಿನ ಓದಾಕ ರೂಢಿ ಆಗಿರತಿದ್ದ.

ಮಗಳು: ಆ ಅಂಕಿ ಎಲ್ಲಿಂದ ಎಣಸತಾರ? 519 ಮೀಟರ್ ಅಂದ್ರ ಯಾವ ನೆಲದಿಂದ?

ಕಾಕಾ: ಸಮುದ್ರದಿಂದ. ರೈಲ್ವೆ ಸ್ಟೇಷನ್ನಿನ ಹಳದಿ ಹಲಗಿ ಮ್ಯಾಲ ಊರ ಹೆಸರಿನ ಕೆಳಗ ಬರದಿರತಾರ ನೋಡು, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ. ಬಾಗಲಕೋಟಿ, ಬಾದಾಮಿ ಸ್ಟೇಷನ್ನಿನಾಗ ಇಳದಾಗ ಓದು. ಸಮುದ್ರ ಅಂದ್ರ ಬರೇ ಕಣ್ಣಿಗೆ ಕಂಡ ಸಮುದ್ರ ಅಲ್ಲ. ಅದು ದಿನಾ ಏರತೈತಿ, ಇಳೀತೈತಿ. ವರ್ಷಗಟ್ಟಲೆ ಬರಕೊಂಡು ಸರಾಸರಿ ತಗೀಬೇಕು. ಬ್ರಿಟಿಷರ ಕಾಲದ ಸರ್ವೇದೋರು ಒಂಬತ್ತು ಬಂದರಿನಾಗ ಉಬ್ಬರ-ಇಳಿತ ಅಳದು 1909ಕ್ಕ ಇಡೀ ದೇಶಕ್ಕ ಒಂದು ಸೊನ್ನಿ ಗೆರಿ ಹಾಕಿದ್ರು. ಆ ಒಂಬತ್ತರಾಗ ನಮ್ಮ ಕಾರವಾರನೂ ಒಂದು.

ಮಗಳು: ಕಾರವಾರದ ಸಮುದ್ರ ಬಾಗಲಕೋಟಿ ಮನಿ ಮುಳಗೂದನ್ನ ಲೆಕ್ಕ ಹಾಕತೈತಿ ಅಂದಂಗಾತು.

ಕಾಕಾ: ಲೆಕ್ಕ ಶುರು ಆಗೂದು ಅಲ್ಲಿ. ಅಲ್ಲಿಂದ ಮಾರು ಮಾರು ಅಳಕೊಂತ, ದಾರಿಗುಂಟ ಕಲ್ಲು ಹುಗಕೊಂತ ಒಳನಾಡಿಗೆ ಬಂದಾರ. ಆ ಕಲ್ಲಿಗೆ ಬೆಂಚ್‌ಮಾರ್ಕ್ ಅಂತೀವಿ. ಕೆಲವು ಕಲ್ಲಿನ ಮ್ಯಾಲ ಆ ಸರ್ವೇದೋರ ಗುರುತು, ಜಿಟಿಎಸ್ ಅಂತ ಕೆತ್ತಿದ್ದು, ಇನ್ನೂ ಕಾಣತೈತಿ. ಆ ಕಲ್ಲಿನ ಎತ್ತರ ಗೊತ್ತಿದ್ರ, ಅಲ್ಲಿಂದ ನಿಮ್ಮ ಹಿತ್ತಲ ಬಾಗಲಾದ ಎತ್ತರ ತಗಿಯೂದು ಒಂದ ದಿನದ ಕೆಲಸ. ಹಂಗ ಬಂದ ಅಂಕಿಗೆ ಆರ್.ಎಲ್. ಅಂತ ಹೆಸರು. ಡ್ಯಾಮಿನಾಗ ನೀರು ತುಂಬಿ ನಿಲ್ಲೂ ಕಡೀ ಅಂಕಿಗೆ ಎಫ್.ಆರ್.ಎಲ್. ಆಲಮಟ್ಟಿದು ಈಗ 519.60 ಮೀಟರ್. ಅಷ್ಟಕ್ಕ ನಿಲ್ಲಸಾಕ ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಾಗ. ಶಂಕುಸ್ಥಾಪನೆ ಆಗಿದ್ದು 1964ರಾಗ. ಗೇಟು ಹಚ್ಚಿ, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ್ದು 2006ರಾಗ.

ಮಗಳು: ಮತ್ತ 524?

ಕಾಕಾ: ಪೂರಾ ಅಂಕಿ 524.256. ಕೃಷ್ಣಾ ನೀರಿನ ಜಗಳ ನೋಡೂ ಬ್ರಿಜೇಶ್ ಕುಮಾರ್ ಅವರ ನ್ಯಾಯಮಂಡಳಿ 2010ರ ಡಿಸೆಂಬರಿನಾಗ ಕೊಟ್ಟ ತೀರ್ಪಿನಾಗ ಈ ಎತ್ತರಕ್ಕ ಒಪ್ಪಿಗಿ ಸಿಕ್ತು, 2013ರಾಗ ಅದನ್ನ ಗಟ್ಟಿ ಮಾಡಿದ್ರು. ಕೇಂದ್ರ ಸರಕಾರದ ಗೆಜೆಟ್ಟಿನಾಗ ಇನ್ನೂ ಬಂದಿಲ್ಲ. ಆ ಮೂರು ದಶಾಂಶ ನೋಡಿ ಜನ, ಎಷ್ಟು ನಿಕ್ಕಿ ಅಳದಾರ ಅಂತ ಬೆರಗಾಗತಾರ. ಅದು ನಿಕ್ಕಿ ಅಳತಿ ಅಲ್ಲ. 524.256 ಮೀಟರ್ ಅಂದ್ರ ಸರಿಯಾಗಿ 1720 ಅಡಿ. ನಾರಾಯಣಪುರದ ಬಸವಸಾಗರಕ್ಕ 492.252 ಮೀಟರ್ ಅಂತಾರ. ಅದು 1615 ಅಡಿ. ಹಿಂದಕ ಯಾರೋ ಅಡಿ ಲೆಕ್ಕದಾಗ ಸಪಾಟ ಅಂಕಿ ಬರದಾರ. ಆಮ್ಯಾಲ ಅದು ಮೀಟರಿಗೆ ಬಂದು ಬಾಲ ಬೆಳಸಿಕೊಂಡೈತಿ.

ಮಗಳು: ಇದು ನನಗ ಗೊತ್ತ ಇರಲಿಲ್ಲ, ಕಾಕಾ. ಅಡಿಯಾಗ ಹೇಳಿದ್ರ ಹಳ್ಳಿ ಮಂದಿಗೆ ಎಷ್ಟು ಸಲೀಸು ತಿಳೀತಿತ್ತು.

ಕಾಕಾ: ಹಂಗಂತ ನಾನೂ ಅಂತೀನಿ. 519.60ಕ್ಕೂ 524.256ಕ್ಕೂ ನಡುವ 15 ಅಡಿ 3 ಇಂಚು ಫರಕು. ಮಾಳಗಿ ಮನಿಯ ನೆಲದಿಂದ ಮಾಳಗಿ ತನಕ, ಮ್ಯಾಲ ಇನ್ನೂ ನೀರು. ಹಂಗ ಹೇಳಿದ್ರ ಅಜ್ಜಿಗೂ ತಿಳೀತೈತಿ, ಮಮ್ಮಗಳಿಗೂ ತಿಳೀತೈತಿ. "4.656 ಮೀಟರ್ ಹೆಚ್ಚಳ" ಅಂದ್ರ ಯಾರಿಗೂ ಏನೂ ಕಾಣೂದಿಲ್ಲ.

ಮಗಳು: ಹಳೇ ಬಾಗಲಕೋಟ್ಯಾಗ ಲೆವಲ್ ತಗೊಂಡಾಗ ನೀವ ಇದ್ರೇನು?

ಕಾಕಾ: ಇದ್ದೆ. ಊರಿನ ಒಂದ ಮಗ್ಗಲಕ ಘಟಪ್ರಭಾ. ಕಿಲ್ಲಾ, ಹಳಪೇಟಿ, ಹೊಸಪೇಟಿ, ಜೈನಪೇಟಿ, ವೆಂಕಟಪೇಟಿ. ಹೋಳಿ ಹುಣ್ಣಿವಿಗೆ ಹಲಗಿ ಬಾರಿಸಿಕೊಂತ ಬಣ್ಣದ ಬಂಡಿ ತಗೀತಿದ್ದ ಪೇಟಿಗೋಳು ಇವು. ಹೊರಗಿನವರಿಗೆ ಊರು ಸಪಾಟ ಕಂಡೀತು. ಸ್ಟಾಫ್ ಹಿಡದು ಓಣಿ ಓಣಿ ತಿರುಗಿದವನಿಗೆ ಗೊತ್ತು, ಒಂದ ಓಣಿಯಾಗ ಈ ತುದಿಗೂ ಆ ತುದಿಗೂ ಆಳೆತ್ತರ ಫರಕು ಇರತೈತಿ. ಮೊದಲ 521ರ ತನಕ, ಆಮ್ಯಾಲ 523, 525 ಅಂತ ಗೆರಿ ಏರಕೊಂತ ಹೋತು. ಒಂದ ಗ್ವಾಡಿ ಹಂಚಕೊಂಡ ಎರಡು ಮನಿ ಇದ್ವು. ಈ ಮನಿ ಒಳಗ ಬಂತು, ಆ ಮನಿ ಹೊರಗ ಉಳೀತು. ಅಣ್ಣ-ತಮ್ಮಂದಿರು ಅವರು. ಒಬ್ಬಾಂವಗ ನವನಗರದಾಗ ಸೈಟು ಬಂತು. ಇನ್ನೊಬ್ಬಾಂವ ಮಗ್ಗಲ ಮನಿ ಕೆಡವಿದ ಮ್ಯಾಲ ಬರೀ ಗ್ವಾಡಿ ನೋಡಕೊಂತ ಅಲ್ಲೇ ಉಳದ. ಗೆರಿ ಅಳದವರಿಗೆ ಅದು ಒಂದು ಅಂಕಿ. ಅಳತಿ ತಪ್ಪಿರಲಿಲ್ಲ, ನಾನ ಸಾಕ್ಷಿ. ಆದ್ರ ಸರಿ ಅಳದ ಮಾತ್ರಕ್ಕ ಆ ಮನಿಗೆ ನ್ಯಾಯ ಆಗಲಿಲ್ಲ.

ಮಗಳು: ನವನಗರದ ನಕಾಶಿ ಹಾಕಿದವರು ಚಾರ್ಲ್ಸ್ ಕೊರಿಯಾ ಅಂತ ಓದೀನಿ. ಅಷ್ಟು ದೊಡ್ಡ ಹೆಸರಿನ ವಾಸ್ತುಶಿಲ್ಪಿ.

ಕಾಕಾ: ಹೌದು. ಅಗಲ ರಸ್ತೆ, ಸೆಕ್ಟರು, ಗಿಡ-ಮರ, ಎಲ್ಲಾ ಐತಿ. ನಾನೂ ಇಲ್ಲೇ ಇದ್ದು ಉಂಡೀನಿ, ಬೈಯೂದಿಲ್ಲ. ಆದ್ರ ಇಲ್ಲಿ ಬಂದ ಮ್ಯಾಲ ಮಂದಿ ಒಬ್ಬರನ್ನೊಬ್ಬರು ಕೇಳೂ ಮಾತು ಬದಲಾತು. ಅಲ್ಲಿ ಯಾವ ಓಣಿ, ಯಾರ ಮನಿತನ ಅಂತ ಕೇಳತಿದ್ರು. ಇಲ್ಲಿ ಯಾವ ಸೆಕ್ಟರ್, ಯಾವ ಯುನಿಟ್. ಯಾವ ಯುನಿಟ್ ಅಂದ್ರ ನೀ ಯಾವ ಲೆವಲ್ಲಿನಾಗ ಮುಳಗಿ ಬಂದಿ ಅಂತ ಕೇಳಿದಂಗ.

ಮಗಳು: ಅಳತಿ ಮಾಡುವಾಗ ಮನಿ ಮಂದಿ ನಿಮ್ಮನ್ನ ಕೇಳತಿರಲಿಲ್ಲೇನು?

ಕಾಕಾ: ಕೇಳದ ಬಿಡತಾರೇನು? ಒಂದು ಹಳ್ಳಿಯಾಗ, ಹೆಸರು ಬ್ಯಾಡ, ಒಬ್ಬ ಮುದುಕಿ ನನ್ನ ಸ್ಟಾಫ್ ಹಿಡಕೊಂಡ್ಲು. "ತಮ್ಮಾ, ನೀರು ನನ್ನ ಹೊಸ್ತಿಲಾಕ ಬರತೈತೋ, ಬೀಸುಕಲ್ಲಿನ ತನಕ ಬರತೈತೋ, ಮಾಡದ ದೇವರ ತನಕ ಬರತೈತೋ, ಅಷ್ಟ ಹೇಳು" ಅಂದ್ಲು. ಉತ್ತರ ಅಲ್ಲೇ ಇತ್ತು, ಸಾಹೇಬ್ರ ಕೈಯಾಗಿನ ಲೆವಲ್ ಪುಸ್ತಕದಾಗ. ಸೀಸಪೆನ್ಸಿಲ್ಲಿಲೆ, ಇಂಗ್ಲಿಷಿನಾಗ, ಕಾಲಂ ಹಾಕಿ ಬರದಿದ್ರು. ಒಂದು ಕೂಡಿಸೂ ಲೆಕ್ಕ, ಒಂದು ಕಳೆಯೂ ಲೆಕ್ಕ, ಅಷ್ಟ. ಹೇಳಬಹುದಿತ್ತು. "ಅದು ಮ್ಯಾಲಿನ ಲೆವಲ್ಲಿನಾಗ ಹೇಳತಾರ ಅಜ್ಜಿ" ಅಂದು ಪುಸ್ತಕ ಮುಚ್ಚಿದ್ರು. ಆ ಮುದುಕಿ ಕೇಳಿದ್ದು ತನ್ನ ಮನಿ ಅಳತಿ. ಅದನ್ನ ಆಕಿಗೆ ಹೇಳಾಕ ಯಾರ ಅಪ್ಪಣಿ ಬೇಕಿತ್ತು?

ಮಗಳು: ಇದ ಹೇಳಾಕ ನೀವು ಇಷ್ಟು ದಿನ ತಡದಿದ್ರೇನು ಅನ್ನಸತೈತಿ ನಿಮ್ಮ ದನಿ ಕೇಳಿದ್ರ.

ಕಾಕಾ: ಇದ ನೋಡವಾ ನನ್ನ ಮಾತು. ಲೆವಲ್ ಅಂಬೂದು ಎರಡು ಕಡೆ ಸಮ ಐತೋ ಇಲ್ಲೋ ನೋಡೂ ಸಾಧನ ಅಂತ ನೀನ ಹೇಳಿದಿ. ಅಳಿಯೂ ಕಡೇನೂ ಅಂಕಿ ಗೊತ್ತಿರಬೇಕು, ಅಳಿಸಿಕೊಳ್ಳೂ ಕಡೇನೂ ಗೊತ್ತಿರಬೇಕು. ಒಂದ ಕಡಿಗೆ ಮಾತ್ರ ಗೊತ್ತಿದ್ರ ಅದು ಲೆವಲ್ ಅಲ್ಲ, ಹುಕುಂ.

ಮಗಳು: ಒಂದು ಸಂಶಯ ಐತ್ರಿ. ಎಫ್.ಆರ್.ಎಲ್. 519.60 ಅಂತೀರಿ, ಮನಿ ತಗದದ್ದು 521ರ ತನಕ ಅಂತೀರಿ. ನೀರು ಲೆವಲ್ಲಿಗೆ ನಿಲ್ಲೂದಾದ್ರ ಆ ಹೆಚ್ಚಿಂದು ಯಾಕ?

ಕಾಕಾ: ಇದನ್ನ ಹುಡುಗರಿಗೆ ತಪ್ಪದ ಹೇಳು. ನಿಂತ ನೀರಷ್ಟ ಲೆವಲ್ ಇರತೈತಿ, ಹರಿಯೂ ನೀರು ಇರೂದಿಲ್ಲ. ಗೌಂಡಿ ಪೈಪಿನಾಗಿನ ನೀರು ನಿಂತದ್ದು, ಅದಕ್ಕ ಎರಡೂ ತುದಿ ಸಮ. ಡ್ಯಾಮಿನ ಗೇಟಿನ ಹತ್ರ 519.60 ಇದ್ದಾಗ, ಮ್ಯಾಲ ಹತ್ತಾರು ಮೈಲು ದೂರ ಘಟಪ್ರಭಾ ತುಂಬಿ ಬರತಿದ್ರ ಅಲ್ಲಿ ನೀರಿನ ಮೈ ಇನ್ನೂ ಎತ್ತರ ಇರತೈತಿ. ಮುಂದ ಹಿನ್ನೀರು ತಡದು ನಿಂತಿರತೈತಿ, ಹಿಂದಿಂದ ಹೊಳಿ ನೂಕತಿರತೈತಿ, ನಡುವ ನೀರು ಏರಿ ಇಳಿಜಾರಾಗಿ ನಿಲ್ಲತೈತಿ. ಅದಕ್ಕ ಗೆರಿ ಮ್ಯಾಲ ಇನ್ನೊಂದಿಷ್ಟು ಜಾಗ ಬಿಡಬೇಕು. "ನಮ್ಮ ಮನಿ 519ರ ಹೊರಗ ಐತಿ, ಮಳಿಗಾಲದಾಗ ನೀರು ಹ್ಯಾಂಗ ಬಂತು" ಅಂತ ಕೇಳತಾರಲ್ಲ, ಅದಕ್ಕ ಇದ ಉತ್ತರ. 2019ರ ಆಗಸ್ಟಿನಾಗ ಮುಧೋಳ ಕಡೆ ಘಟಪ್ರಭಾ ದಂಡಿ ಊರುಗೋಳ ಪಾಡು ಏನಾತು, ನೆನಪೈತಲ್ಲ. ಆಲಮಟ್ಟಿ ಎತ್ತರ ಮಾಡಬಾರದು ಅಂತ ಮಹಾರಾಷ್ಟ್ರದವರು ಸಾಂಗ್ಲಿ, ಕೊಲ್ಹಾಪುರದ ನೆರಿ ಮುಂದಿಟ್ಟು ಜಗಳ ತಗದಿದ್ದೂ ಈ ಹಿನ್ನೀರಿನ ಲೆಕ್ಕದ ಮ್ಯಾಲನ.

ಮಗಳು: ಆ ವರ್ಷ ಮಲಪ್ರಭಾನೂ ಬಂದಿತ್ತು. ನವಿಲುತೀರ್ಥದಿಂದ ನೀರು ಬಿಟ್ಟು, ಪಟ್ಟದಕಲ್ಲಿನ ಗುಡಿಗೋಳ ಸುತ್ತ ನೀರು ನಿಂತದ್ದನ್ನ ನಾವು ನೋಡಾಕ ಹೋಗಿದ್ವಿ. ಚಾಲುಕ್ಯರು ಬಾದಾಮಿಯಾಗ ಗವಿ ಕೊರದದ್ದು ಗುಡ್ಡದ ಹೊಟ್ಟಿಯಾಗ, ಕೆರಿ ನೀರಿನ ಹಂಗಿಲ್ಲದ ಎತ್ತರಕ್ಕ. ಮೂರನೇ ಗವಿಯಾಗ 578ನೇ ಇಸವಿಯ ಶಾಸನ ಐತಿ, ಅಕ್ಷರ ಇನ್ನೂ ಓದಾಕ ಬರತಾವ. ಪಟ್ಟದಕಲ್ಲಿಗೆ ಹೊಳಿ ದಂಡೀನ ಬೇಕಾಗಿತ್ತು.

ಕಾಕಾ: ಎತ್ತರ ನೋಡದ ಹಳಬರು ಕಲ್ಲು ಇಡತಿರಲಿಲ್ಲ. ಹೊಳಿ ಅವರ ಲೆಕ್ಕ ಮೀರಿದ್ದು ನಾವು ಕಟ್ಟಿ ಕಟ್ಟಿ, ತುಂಬಿದ ಮ್ಯಾಲ ಒಮ್ಮೆಲೆ ಬಿಟ್ಟಾಗ. ನಿಮ್ಮ ಹುನಗುಂದ ಕಡೇದೊಂದು ಜಾಗ ಹೇಳತೀನಿ. ಕೂಡಲಸಂಗಮಕ್ಕ ಹುಡುಗರನ್ನ ಕರಕೊಂಡ ಹೋದ್ರ ಬರೇ ಗುಡಿ ತೋರಿಸಿ ಬರಬ್ಯಾಡ. ಬಸವಣ್ಣನವರ ಐಕ್ಯಮಂಟಪದಾಗ ನಿಲ್ಲಸು. ನಾರಾಯಣಪುರದ ಹಿನ್ನೀರು ಅಲ್ಲಿ ತನಕ ಬಂತು. ಮಂಟಪ ಮುಳಗಬಾರದು ಅಂತ ಅದರ ಸುತ್ತ ಬಾವಿ ಕಟ್ಟಿದಂಗ ದುಂಡಗ ಗ್ವಾಡಿ ಎಬ್ಬಿಸಿದ್ರು. ಈಗ ಸೇತುವೆ ದಾಟಿ ಹೋಗಿ, ಮೆಟ್ಟಲ ಇಳಕೊಂತ ಕೆಳಗ ಹೋಗಬೇಕು. ತುಂಬಿದ ಕಾಲಕ್ಕ ಇಳಿಯುವಾಗ ಒಂದು ಮೆಟ್ಟಲಿನ ಹತ್ರ ಹೊರಗಿನ ನೀರು ನಿನ್ನ ಭುಜದ ಸರಿಗೆ ಬರತೈತಿ, ಅಲ್ಲಿಂದ ಕೆಳಗ ನೀ ನೀರಿನ ಲೆವಲ್ಲಿಗಿಂತ ಕೆಳಗ ಅದೀ. ಕಟ್ಟಕಡೆ ಮೆಟ್ಟಲ ಮುಟ್ಟಿದಾಗ ನೀ ನಿಂತದ್ದು ಹಳೇ ಲೆವಲ್. ಹೊಳಿ ದಂಡಿ ಮೊದಲ ಇದ್ದ ಎತ್ತರ ಅದು. ಅಲ್ಲಿ ನಿಲ್ಲಿಸಿ ಹೇಳು, ಒಂದು ಗ್ವಾಡಿ ಕಟ್ಟಿ ನಾವು ಉಳಿಸಿಕೊಂಡ ಹಳೇ ನೆಲ ಇದು, ಸುತ್ತಮುತ್ತ ನೂರಾರು ಊರಿಗೆ ಇಂಥಾ ಗ್ವಾಡಿ ಕಟ್ಟಲಿಲ್ಲ ಅಂತ.

ಮಗಳು: ಎಲ್ಲಾ ಊರಿಗೆ ಗ್ವಾಡಿ ಕಟ್ಟಾಕ ಆಗೂದಿಲ್ಲಲ್ರಿ. ನೀರು ಬೇಕಾದೋರೂ ಅದಾರ. ಹುನಗುಂದದ ಯರಿ ಹೊಲದಾಗ ಒಂದು ಮಳಿ ತಪ್ಪಿದ್ರ ಜೋಳ, ಕಡ್ಲಿ ಹೋದಂಗ. ನನ್ನ ಕ್ಲಾಸಿನಾಗ ಮುಳಗೂ ಊರಿನ ಹುಡುಗಿ ಒಬ್ಬಾಕಿ ಇದ್ರ, ನೀರು ಕಾಯೂ ಊರಿನವರು ಹತ್ತು ಮಂದಿ ಅದಾರ.

ಕಾಕಾ: ಅದನ್ನ ನಾನು ಮರತಿಲ್ಲ. ಆಲಮಟ್ಟಿ ಎತ್ತರ ಮಾಡೂದ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ 130 ಟಿಎಂಸಿ ನೀರಿನ ಸಲುವಾಗಿ. ಇಷ್ಟು ಊರು ಒಣಗಿ ಕುಂತಾಗ ಡ್ಯಾಂ ಬ್ಯಾಡ ಅನ್ನೂ ಮನಷಾ ನಾನಲ್ಲ. ಹುನಗುಂದದ ಹಳೇ ರೈತರಿಗೆ ಲೆವಲ್ಲಿನ ವಿದ್ಯಾ ಯಾವ ದುರ್ಬೀನು ಇಲ್ಲದ ಗೊತ್ತಿತ್ತು. ಇಳಿಜಾರಿನ ಹೊಲಕ್ಕ ಅಡ್ಡ ಒಡ್ಡು ಹಾಕಿ, ಹೆಚ್ಚಿನ ನೀರು ಹೋಗಾಕ ಕಲ್ಲಿನ ಕೋಡಿ ಕಟ್ಟಿ, ಹೊಲಾನ ಪಟ್ಟಿ ಪಟ್ಟಿ ಲೆವಲ್ ಮಾಡತಿದ್ರು. ಬಿದ್ದ ಮಳಿ ಬಿದ್ದಲ್ಲೇ ಇಂಗತಿತ್ತು. ಮೊದಲ ವರ್ಷ ಒಡ್ಡಿನ ಹಿಂದ ನೀರು ಯಾವ ಎತ್ತರಕ್ಕ ನಿಲ್ಲತೈತಿ ನೋಡಿ, ಅದಕ್ಕ ತಕ್ಕಂಗ ಕೋಡಿ ಕಲ್ಲು ಏರಸೂದು, ಇಳಸೂದು. ಮ್ಯಾಲಿನ ಹೊಲದಾಂವ, ಕೆಳಗಿನ ಹೊಲದಾಂವ ಕೂಡಿ ನಿಂತು ಕಲ್ಲು ಇಡತಿದ್ರು. ಈಗ ರಾಮಥಾಳದ ಹನಿ ನೀರಾವರಿ ಬಂತು. 24,000 ಹೆಕ್ಟೇರಿಗೆ ಪೈಪಿನಾಗ ನೀರು ಕೊಡೂ ಯೋಜನೆ. ಪೈಪಿಗೆ ಹೊಲ ಲೆವಲ್ ಇರಬೇಕು ಅಂತಿಲ್ಲ, ಒತ್ತಡ ಇದ್ರ ಸಾಕು.

ಮಗಳು: ಹಂಗಾದ್ರ ನಿಮ್ಮ ತಕರಾರು ಡ್ಯಾಮಿನ ಮ್ಯಾಲ ಅಲ್ಲ.

ಕಾಕಾ: ಅಂಕಿ ಬಚ್ಚಿಡೂದರ ಮ್ಯಾಲ. ಈಗ 75 ಸಾವಿರ ಎಕರೆಗಿಂತ ಹೆಚ್ಚು ಭೂಮಿ ಮುಳಗೂದೈತಿ. ನೀರಾವರಿ ಹೊಲಕ್ಕ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಾಗ ರಾಜ್ಯದ ಸಚಿವ ಸಂಪುಟ ತೀರ್ಮಾನ ಮಾಡೈತಿ. ರೊಕ್ಕದ ಅಂಕಿ ಎಲ್ಲಾರ ಬಾಯಾಗ ಐತಿ. ನನ್ನ ಹೊಲದ ಯಾವ ಮೂಲಿ ಯಾವ ಎತ್ತರದಾಗ ಐತಿ ಅನ್ನೂ ಅಂಕಿ ಯಾರ ಬಾಯಾಗೂ ಇಲ್ಲ. ಇದರಿಂದ ಏನಾಗತೈತಿ ಕೇಳು. ಒಂದು ಸರ್ವೇ ನಂಬರಿನಾಗ ಅರ್ಧ ಹೊಲ ಒಳಗ, ಅರ್ಧ ಹೊರಗ. ಹೊರಗಿನ ಅರ್ಧಕ್ಕ ದಾರಿ ನೀರಾಗ. ಬಿತ್ತಾಕ ಹೋಗಾಕ ಆಗೂದಿಲ್ಲ, ಪರಿಹಾರನೂ ಇಲ್ಲ. ನಡುಗಡ್ಡಿ ಆಗಿ ಉಳೀತೈತಿ. ಗೆರಿ ಹಾಕೂ ಮೊದಲ ಅಂಕಿ ಗೊತ್ತಿದ್ರ ರೈತ ಆವಾಗ ತಕರಾರು ಹಾಕತಿದ್ದ. ಗೆರಿ ಬಿದ್ದ ಮ್ಯಾಲ ಹಾಕಿದ ತಕರಾರು ಮ್ಯಾಲಿನ ಲೆವಲ್ಲಿಗೆ ಹೋಗತೈತಿ, ಅಲ್ಲೇ ಕುಂಡರತೈತಿ.

ಮಗಳು: ನಾ ಆ ಹುಡುಗಿಗೆ ಏನು ಹೇಳಲಿ? ಆಕಿ ಬರದ ಸಾಲಿಗೆ ಮಾರ್ಕು ಕೊಟ್ಟೀನಿ. ಸರಿ ಅಂತ ಬರದೀನಿ. ಅಷ್ಟು ಸಾಲೂದಿಲ್ಲ ಅನ್ನಸಾಕತೈತಿ.

ಕಾಕಾ: ಆಕಿಗೆ ಅಳಿಯೂದು ಕಲಸು. ಇಡೀ ಕ್ಲಾಸಿಗೆ ಕಲಸು. ಹತ್ತು ಮೀಟರ್ ಪೈಪು ತರಸು, ನೀರು ತುಂಬಸು, ಗುಳ್ಳಿ ಒಂದೂ ಉಳೀದಂಗ ನೋಡಕೊ. ಸಾಲಿ ಅಂಗಳದಾಗ ಒಂದ ಮೆಟ್ಟಲಿಗೂ ಇನ್ನೊಂದಕ್ಕೂ ಎಷ್ಟು ಫರಕು, ಹುಡುಗರು ತಾವ ಗೆರಿ ಹಾಕಲಿ. ಸಪಾಟು ಅನ್ನೂ ಅರ್ಥ, ಎತ್ತರ ಅನ್ನೂ ಅರ್ಥ, ಎರಡೂ ಒಂದ ತಾಸಿನಾಗ ಕೈಗೆ ಸಿಗತಾವ. ಆಮ್ಯಾಲ ಆರ್.ಎಲ್. ಅಂದ್ರ ಏನು ಅಂತ ಹೇಳಿದ್ರ ಎಂಟನೇತ್ತೆ ಹುಡುಗರಿಗೆ ತಿಳೀದ ಇರೂದಿಲ್ಲ. ನನಗೂ ಓದು ಅಷ್ಟ ಆಗಿತ್ತು, ನಾ ಕಲತೆ.

ಮಗಳು: ದರ್ಜೆ ಅನ್ನೂ ಅರ್ಥ?

ಕಾಕಾ: ಅದನ್ನೂ ಹೇಳು, ಮುಚ್ಚಬ್ಯಾಡ. ಅದು ಮನಷಾರು ಹಾಕಿದ ಗೆರಿ, ಬೇಕಾದ್ರ ಅಳಸಾಕ ಬರತೈತಿ ಅಂತನೂ ಹೇಳು. ನೀರಿನ ಗೆರಿ ಹಂಗಲ್ಲ. ಅದನ್ನ ಮೊದಲ ತಿಳಕೊಂಡೋರು ಉಳಕೊಂತಾರ.

ಮಗಳು: ಊರ ಮಂದಿ ಏನು ಮಾಡಬೇಕು ಅಂತೀರಿ?

ಕಾಕಾ: ಇದನ್ನ ನೀ ಬರೀ, ನಾಕ ಮಂದಿ ಓದಲಿ. ಹಿನ್ನೀರಿನ ದಂಡಿ ಊರಿನವರು ಬರೂ ಗ್ರಾಮಸಭೆಯಾಗ ಎದ್ದು ನಿಂತು ಮೂರು ಮಾತು ಕೇಳ್ರಿ. ನಮ್ಮ ಸಾಲಿ, ನಮ್ಮ ಗುಡಿ, ನಮ್ಮ ದರ್ಗಾ, ನಮ್ಮ ಕುಡಿಯೂ ನೀರಿನ ಬಾವಿ, ಇವುಗಳ ಹೊಸ್ತಿಲದ ಆರ್.ಎಲ್. ಎಷ್ಟು? 519.60ಕ್ಕ, 524.256ಕ್ಕ ನೀರು ನಿಂತ್ರ ಆ ಹೊಸ್ತಿಲಾಕ ಎಷ್ಟು ಅಡಿ ಕೆಳಗ ಅಥವಾ ಎಷ್ಟು ಅಡಿ ಮ್ಯಾಲ ಬರತೈತಿ? ಹೊಳಿ ತುಂಬಿ ಬಂದಾಗ ಅದಕ್ಕ ಇನ್ನೂ ಎಷ್ಟು ಕೂಡಸಬೇಕು? ಉತ್ತರಾನ ಕನ್ನಡದಾಗ, ಅಡಿ ಲೆಕ್ಕದಾಗ, ಪಂಚಾಯ್ತಿ ಗ್ವಾಡಿ ಮ್ಯಾಲ ಬಣ್ಣದಿಂದ ಬರಸ್ರಿ. ಕೊಡೂದಿಲ್ಲ ಅಂದ್ರ ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಐತಿ, ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕ್ರಿ. ಲೆವಲ್ ಪುಸ್ತಕದ ಆ ಹಾಳಿ ನಿಮ್ಮ ಊರಿಂದ, ಅದನ್ನ ಓದೂ ಹಕ್ಕು ನಿಮಗ ಮೊದಲ ಐತಿ.